ತೂಬಿನ ಕಲ್ಲು ದಾಟದ ಕಾರು

"ತೊಂಬತ್ತೆರಡು."

ಅಳತೆಪಟ್ಟಿಯನ್ನು ಕಾರಿನ ಅಡಿಯಿಂದ ಎಳೆದುಕೊಂಡು ಕನಕಲಕ್ಷ್ಮಿ ತಲೆಯೆತ್ತಿದರು. ಮದ್ದೂರಿನ ಠಾಣೆಯ ಹಿತ್ತಲಿನಲ್ಲಿ ಗೋಣಿಚೀಲ ಹಾಸಿ, ಮಗ್ಗುಲಾಗಿ ಮಲಗಿ, ಕೆನ್ನೆಯನ್ನು ನೆಲಕ್ಕೆ ಒತ್ತಿ ನೋಡುತ್ತಿದ್ದ ಅವರ ಕಿವಿಯ ತನಕ ಕೆಂಪು ಮಣ್ಣು ಮೆತ್ತಿತ್ತು. ಈ ಕಾರಿನ ಅಡಿಗೆ ಮನುಷ್ಯರು ತೂರುವುದು ಆಗದ ಮಾತು. ಅಂಗೈ ತೂರಿದರೆ ಹೆಚ್ಚು.

"ಏನು ತೊಂಬತ್ತೆರಡು, ಮೇಡಂ?" ಎಂದರು ಸಬ್‌ಇನ್ಸ್‌ಪೆಕ್ಟರ್ ಸಂತೋಷ್.

"ಮಿಲಿಮೀಟರ್. ನೆಲಕ್ಕೂ ಕಾರಿನ ಹೊಟ್ಟೆಗೂ ಇರೋ ಜಾಗ. ಮೂರೂವರೆ ಇಂಚಿಗಿಂತ ಕೂದಲೆಳೆ ಹೆಚ್ಚು. ಬರ್ಕೊಳ್ಳಿ."

ಸಂತೋಷ್ ಬರೆದುಕೊಂಡರು. ಕೊಕ್ಕರೆ ಬೆಳ್ಳೂರಿನ ಲಿಂಗಯ್ಯ ಮಂಡ್ಯದ ಆಸ್ಪತ್ರೆಯಲ್ಲಿ ಕಣ್ಣು ತೆರೆಯದೆ ಮಲಗಿ ಆ ಭಾನುವಾರಕ್ಕೆ ಒಂಬತ್ತು ದಿನ. ನಾಲೆಯ ಏರಿಯ ಮೇಲೆ ಅವನ ಸೈಕಲ್ಲಿಗೆ ಗುದ್ದಿದ್ದು ನಯನಳ ಈ ಕೆಂಪು ಸ್ಪೋರ್ಟ್ಸ್ ಕಾರೇ ಎಂದು ಪುಟ್ಟಸ್ವಾಮಿ ಹೇಳಿಕೆ ಕೊಟ್ಟೂ ಅಷ್ಟೇ ದಿನ.

ನಯನ ಬೇವಿನ ಮರಕ್ಕೆ ಒರಗಿ ನಿಂತಿದ್ದಳು. ಇಪ್ಪತ್ತೊಂಬತ್ತರ ಹುಡುಗಿ, ಮಳವಳ್ಳಿಯಾಚೆ ಜಲಪಾತದ ಬಳಿಯ ಬ್ಲಫ್‌ನ ವಿದ್ಯುತ್ ಕೇಂದ್ರದಲ್ಲಿ ಸಹಾಯಕ ಎಂಜಿನಿಯರ್. ನಿರೀಕ್ಷಣಾ ಜಾಮೀನು ಸಿಕ್ಕಿದ್ದರಿಂದ ಹೊರಗಿದ್ದಳು, ಅಷ್ಟೆ. ಅದೂ ಬುಧವಾರದವರೆಗೆ.

"ದಿನಾ ಓಡಿಸೋ ಕಾರನ್ನ ಯಾಕಮ್ಮ ಇಷ್ಟು ಇಳಿಸಿದೆ?" ಸೀರೆ ಕೊಡವಿಕೊಳ್ಳುತ್ತ ಕನಕಲಕ್ಷ್ಮಿ ಕೇಳಿದರು.

"ನೀವೂ ಅದನ್ನೇ ಕೇಳ್ತೀರಾ?"

"ನಾನು ಬೈಯೋಕೆ ಕೇಳ್ತಿಲ್ಲ. ತಿಳ್ಕೊಳ್ಳೋಕೆ ಕೇಳ್ತಿದೀನಿ."

ನಯನ ಹತ್ತಿರ ಬಂದು ಕಾರಿನ ಬಾನೆಟ್ಟಿನ ಮೇಲೆ ಕೈಯಿಟ್ಟಳು. ಎರಡು ಬಾಗಿಲಿನ ಹಳೆಯ ಕಾರು. ಮೈಸೂರಿನ ಒಬ್ಬ ಡಾಕ್ಟರಿಂದ ಕೊಂಡದ್ದು. "ಬ್ಲಫ್ ಇಳಿಜಾರಿನ ತಿರುವಲ್ಲಿ ಮೊದಲು ಇದು ತೆಪ್ಪದ ತರ ವಾಲ್ತಿತ್ತು. ಇಳಿಸಿದ ಮೇಲೆ ರಸ್ತೆ ಕೈಗೆ ಸಿಕ್ತು. ಚಕ್ರದಡಿ ಒಂದು ಕಡ್ಡಿ ಬಂದ್ರೂ ಸ್ಟೇರಿಂಗಲ್ಲಿ ಗೊತ್ತಾಗ್ತದೆ. ನಂಗದು ಇಷ್ಟ ಆಯ್ತು, ಮಾಡಿಸ್ದೆ. ಅದಕ್ಕೂ ಊರಿನ ಒಪ್ಪಿಗೆ ಬೇಕಾ?"

ಊರಿನ ಒಪ್ಪಿಗೆ ಅವಳಿಗೆ ಎಂದೂ ಇರಲಿಲ್ಲ. ಮದ್ದೂರಿನಿಂದ ಮಳವಳ್ಳಿ ಹಾದು ಬ್ಲಫ್‌ಗೆ, ಮತ್ತೆ ಹಿಂದಕ್ಕೆ. ದಿನಕ್ಕೆ ನೂರರ ಮೇಲೆ ಕಿಲೋಮೀಟರ್. ದಾರಿಯಲ್ಲಿ ನಲವತ್ತಮೂರು ಹಂಪುಗಳಿವೆ ಎಂದು ಅವಳು ಹೇಳುತ್ತಿದ್ದಳು. ಒಂದೊಂದನ್ನೂ ಅಡ್ಡಡ್ಡವಾಗಿ, ಮೊದಲು ಎಡಚಕ್ರ, ಆಮೇಲೆ ಬಲಚಕ್ರ, ಹೀಗೆ ಹತ್ತಿಸಿ ಇಳಿಸುವಾಗ ಹಿಂದೆ ಬಸ್ಸುಗಳು ಹಾರನ್ ಬಾರಿಸುತ್ತಿದ್ದವು. ಟೀ ಅಂಗಡಿಯಲ್ಲಿ ಕೂತವರು, "ಅಗೋ ಬಂತು ಕಣ್ಲಾ, ತೆವಳೋ ಕಾರು," ಎಂದು ನಗುತ್ತಿದ್ದರು. ಅವಳು ಕಿಟಕಿ ಇಳಿಸಿ ಅವರತ್ತ ಕೈಬೀಸಿ ಹೋಗುತ್ತಿದ್ದಳು.

ಈಗ ಅದೇ ಜನ ಮನೆಗೆ ಬಂದಿದ್ದರು. ತಪ್ಪಾಯ್ತು ಅಂತ ಒಪ್ಕೊಂಡುಬುಡು, ಆಕ್ಸಿಡೆಂಟು ಯಾರ ಕೈಲೂ ಆಯ್ತದೆ, ಕಾರು ಮಾರ್ಬುಡು, ರಾಜಿ ಮಾಡಿಸ್ತೀವಿ ಎಂದಿದ್ದರು. ನಯನ ಬಾಗಿಲಲ್ಲೇ ನಿಂತು, "ನಾನು ಗುದ್ದಿಲ್ಲ. ಗುದ್ದದೋಳು ಯಾಕೆ ರಾಜಿ ಆಗ್ಬೇಕು?" ಎಂದು ಕೇಳಿ ಕಳಿಸಿದ್ದಳು.

ಆಮೇಲೆ ಅವಳು ಮಾಡಿದ ಮೊದಲ ಕೆಲಸ ಕನಕಲಕ್ಷ್ಮಿಗೆ ಫೋನ್ ಮಾಡಿದ್ದು.

ಕನಕಲಕ್ಷ್ಮಿ ಮೂವತ್ತೊಂದು ವರ್ಷ ಮೋಟಾರು ವಾಹನ ನಿರೀಕ್ಷಕಿಯಾಗಿದ್ದವರು. ಮಂಡ್ಯದಲ್ಲಿ ನಿವೃತ್ತರಾದ ಮೇಲೆ ಅಪಘಾತಗಳ ಹಿಂದಿನ ಸತ್ಯ ಹುಡುಕುವುದೇ ಅವರ ಉದ್ಯೋಗವಾಗಿತ್ತು. ಮನುಷ್ಯರು ಹೇಳಿದ್ದನ್ನು ಅವರು ತಾಳ್ಮೆಯಿಂದ ಕೇಳುತ್ತಿದ್ದರು. ನಂಬುತ್ತಿದ್ದದ್ದು ಮಾತ್ರ ಟೈರು, ಬ್ರೇಕು, ಗೀರುಗಳನ್ನು.

"ಸಂತೋಷ್, ಪುಟ್ಟಸ್ವಾಮಿ ಹೇಳಿಕೆ ಇನ್ನೊಂದು ಸಲ ಓದಿ."

ಸಂತೋಷ್ ಹಾಳೆ ತಿರುವಿದರು. "ಶುಕ್ರವಾರ ಬೆಳಗ್ಗೆ ಆರೂವರೆ. ಕೆಂಪು ಕಾರು ರಸ್ತೆ ಕಡೆಯಿಂದ ಏರಿ ಮೇಲೆ ಬಂತು. ತೂಬಿನ ಕಲ್ಲು ದಾಟಿ ಜೋರಾಗಿ ಮುಂದೆ ಹೋಯ್ತು. ಧಡ್ ಅಂತ ಸದ್ದಾಯ್ತು. ಹಿಂದಕ್ಕೆ ಬಂದು ಹೊರಟುಹೋಯ್ತು. ಹೋಗಿ ನೋಡಿದ್ರೆ ಲಿಂಗಯ್ಯ ಬಿದ್ದಿದ್ದ."

"ಲಿಂಗಯ್ಯ ಬಿದ್ದಿದ್ದು ತೂಬಿನ ಕಲ್ಲಿಗಿಂತ ಎಷ್ಟು ಆಚೆ?"

"ಇನ್ನೂರು ಅಡಿ. ಆಚೆ ತುದೀಲಿ ಏರಿ ಕುಸಿದಿದೆ, ಆ ಕಡೆಯಿಂದ ಗಾಡಿ ಬರೋಕೆ ಆಗಲ್ಲ."

"ಅಂದ್ರೆ ಗುದ್ದಿದ ಕಾರು ಆ ಕಲ್ಲು ದಾಟಲೇಬೇಕು. ಹೋಗುವಾಗ ಒಂದು ಸಲ, ಬರುವಾಗ ಒಂದು ಸಲ." ಕನಕಲಕ್ಷ್ಮಿ ಅಳತೆಪಟ್ಟಿಯನ್ನು ಚೀಲಕ್ಕೆ ಹಾಕಿದರು. "ನಿನ್ನೆ ಹೋಗಿ ಆ ಕಲ್ಲನ್ನ ಅಳೆದು ಬಂದೆ. ನೂರಿಪ್ಪತ್ತೈದು ಮಿಲಿಮೀಟರ್ ಎತ್ತರ. ಏರಿಯ ಅಗಲಕ್ಕೂ ಹಾಸಿದೆ. ಅಡ್ಡಡ್ಡ ಹತ್ತಿಸೋಣ ಅಂದ್ರೆ ಒಂದು ಕಡೆ ನಾಲೆ, ಇನ್ನೊಂದು ಕಡೆ ಗದ್ದೆ."

ಸಂತೋಷ್ ತೊಂಬತ್ತೆರಡನ್ನು ನೋಡಿದರು. ನೂರಿಪ್ಪತ್ತೈದನ್ನು ಅದರ ಕೆಳಗೆ ಬರೆದರು.

"ಹಾಗಾದ್ರೆ ಲಿಂಗಯ್ಯನ ಸೈಕಲ್ಲಿಗೆ ಮೆತ್ತಿದ್ದ ಕೆಂಪು ಬಣ್ಣ?" ಎಂದರು ಕೊನೆಗೆ.

"ಅದರ ವರದಿ ಬರ್ಲಿ. ಹಂಪು ಉಜ್ಜಿದ ಹಳೇ ಗೀರು ಈ ಕಾರಿನ ಮೂತಿ ತುಂಬ ಇವೆ, ಗುದ್ದಿದ್ದು ಯಾವುದು ಅಂತ ಅದರಿಂದ ಹೇಳೋಕಾಗಲ್ಲ. ಜಿಲ್ಲೇಲಿ ಕೆಂಪು ಬಣ್ಣ ಇರೋದು ಇದೊಂದಕ್ಕೇನಾ?"

"ಕೋರ್ಟಲ್ಲಿ ಬರೀ ಅಂಕಿ ನಿಲ್ಲಲ್ಲ ಮೇಡಂ."

"ಅದಕ್ಕೇ ಕಾರನ್ನೇ ಕರ್ಕೊಂಡು ಹೋಗೋಣ. ಪಂಚರ ಎದುರಿಗೆ, ಪುಟ್ಟಸ್ವಾಮಿ ಎದುರಿಗೆ. ದಾಟಿದ್ರೆ ದಾಟ್ಲಿ."

ಇದಕ್ಕೆ ಒಂದು ತೊಡಕಿತ್ತು. ಅದು ಮೂವರಿಗೂ ಗೊತ್ತಿತ್ತು. ಕಾರನ್ನು ಇಳಿಸಲು ನಯನ ಯಾರ ಅನುಮತಿಯನ್ನೂ ಪಡೆದಿರಲಿಲ್ಲ. ಜನವರಿಯಲ್ಲಿ ರಸ್ತೆಬದಿಯ ತಪಾಸಣೆಯಲ್ಲಿ ಸಿಕ್ಕಿಬಿದ್ದು, ಮೊದಲಿನ ಎತ್ತರಕ್ಕೆ ತರಬೇಕು ಎಂಬ ನೋಟಿಸು ಬಂದಿತ್ತು. ಅವಳು ಅದನ್ನು ಡ್ರಾಯರಿಗೆ ಹಾಕಿ ಮರೆತಿದ್ದಳು. ಅವಳ ವಕೀಲರು, ಕಾರು ಠಾಣೆಯಿಂದ ಬಿಡಿಸಿಕೊಂಡ ಮೇಲೆ ಸದ್ದಿಲ್ಲದೆ ಹಳೆಯ ಸ್ಪ್ರಿಂಗ್ ಹಾಕಿಸಿಬಿಡಿ, ಇಳಿಸಿದ ವಿಷಯವನ್ನೇ ಎತ್ತಬೇಡಿ ಎಂದಿದ್ದರು.

"ಇಳಿಸಿದ್ದು ಹೌದು ಅಂತ ನೀನು ಬರೆದುಕೊಡಬೇಕಾಗತ್ತೆ ನಯನ," ಎಂದರು ಕನಕಲಕ್ಷ್ಮಿ. "ಕಾರಿನ ನೋಂದಣಿ ರದ್ದಾಗಬಹುದು. ನಿನ್ನ ಕೆಲಸಕ್ಕೂ ಬಿಸಿ ತಟ್ಟಬಹುದು."

ನಯನ ಸಂತೋಷ್ ಕೈಯಿಂದ ಪೆನ್ನು ತೆಗೆದುಕೊಂಡಳು. "ಮಾಡಿದ್ದನ್ನ ಮಾಡಿದೀನಿ ಅಂತ ಬರೆಯೋಕೆ ನನಗೇನು ಭಯ? ಮಾಡದೆ ಇದ್ದದ್ದಕ್ಕೆ ಸಹಿ ಹಾಕಲ್ಲ, ಅಷ್ಟೆ." ಕಾರಿನ ಬಾನೆಟ್ಟಿನ ಮೇಲೇ ಹಾಳೆಯಿಟ್ಟು ನಾಲ್ಕು ಸಾಲು ಬರೆದು, ಹೆಸರನ್ನು ಉದ್ದಕ್ಕೆ ಎಳೆದಳು.

ಮಧ್ಯಾಹ್ನ ಹನ್ನೆರಡಕ್ಕೆ ಸರಕು ಲಾರಿಯ ಬೆನ್ನಿನಿಂದ ಕೆಂಪು ಕಾರು ನಾಲೆಯ ಏರಿಯ ಬಾಯಲ್ಲಿ ಇಳಿಯಿತು.

ಭಾನುವಾರವಾದ್ದರಿಂದ ಊರಿಗೆ ಊರೇ ಬಂದಿತ್ತು. ಹುಣಿಸೆ ಮರಗಳ ತುದಿಯಲ್ಲಿ ಕೊಕ್ಕರೆಗಳು ಕೊಕ್ಕು ಬಡಿಯುತ್ತಿದ್ದವು. ಕೆಳಗೆ ಜನರ ಗುಜುಗುಜು. ಲಿಂಗಯ್ಯನೆಂದರೆ ಈ ಊರಿಗೆ ಪ್ರೀತಿ. ನಲವತ್ತು ವರ್ಷ ಗೂಡಿನಿಂದ ಬಿದ್ದ ಮರಿಗಳನ್ನು ಎತ್ತಿ ಮೀನು ತಿನ್ನಿಸಿ ಸಾಕಿದವನು. ಎರಡು ವರ್ಷದಿಂದ ಶಿಂಷಾ ದಂಡೆಯ ಮರಳು ಟ್ರ್ಯಾಕ್ಟರುಗಳನ್ನು ಸೈಕಲ್ ಅಡ್ಡ ಇಟ್ಟು ನಿಲ್ಲಿಸುತ್ತಿದ್ದವನೂ ಅವನೇ. ಅದರಿಂದ ಅವನನ್ನು ಕಂಡರಾಗದವರೂ ಊರಲ್ಲಿದ್ದರು.

ನಯನ ಜೀಪಿನಿಂದ ಇಳಿದಾಗ ಯಾರೋ ಹಿಂದಿನಿಂದ, "ಮನುಸನ್ನ ಬೀಳಿಸ್ಬುಟ್ಟು ಎಂಗೆ ನಿಂತವ್ಳೆ ನೋಡು," ಎಂದರು. ಅವಳು ತಿರುಗಿ ನಿಂತಳು. "ಯಾರಪ್ಪ ಅದು? ಮುಂದೆ ಬಂದು ಹೇಳು." ಯಾರೂ ಮುಂದೆ ಬರಲಿಲ್ಲ.

ಬಂದವಳು ದೀಪಿಕ. ಲಿಂಗಯ್ಯನ ಒಬ್ಬಳೇ ಮಗಳು. ಮಳವಳ್ಳಿಯ ಶಾಲೆಯೊಂದರಲ್ಲಿ ಟೀಚರು. ಮೊದಲೆಲ್ಲ ಮದ್ದೂರಿನಿಂದ ಮಳವಳ್ಳಿಗೆ ಇದೇ ಕೆಂಪು ಕಾರಿನಲ್ಲಿ ನಯನಳ ಪಕ್ಕ ಕೂತು ಹೋಗುತ್ತಿದ್ದವಳು. ಒಂಬತ್ತು ದಿನದಿಂದ ಅವಳು ನಯನಳ ಮುಖ ನೋಡಿರಲಿಲ್ಲ. ಈಗಲೂ ನೋಡಲಿಲ್ಲ. ನೇರ ಕನಕಲಕ್ಷ್ಮಿಯ ಎದುರು ನಿಂತಳು.

"ನಮ್ಮಪ್ಪ ಅಲ್ಲಿ ಮಾತಿಲ್ಲದೆ ಮಲಗವ್ರೆ. ನೀವಿಲ್ಲಿ ಕಾರಿಗೆ ಅಳತೆ ತಗೀತಾ ಇದೀರಾ?"

"ನಿಮ್ಮಪ್ಪನಿಗೋಸ್ಕರಾನೇ ತಗೀತಿದೀನಿ ಕಣಮ್ಮ."

"ಬೇಡ. ಅಪ್ಪ ಎದ್ದು ಹೇಳೋಗಂಟ ಯಾರೂ ಏನೂ ಹೇಳೋದು ಬೇಡ. ನಿಲ್ಸಿ ಇದನ್ನ." ಅವಳ ತುಟಿ ಒಣಗಿತ್ತು. ಆಸ್ಪತ್ರೆಯ ಬೆಂಚಿನಲ್ಲಿ ಕಳೆದ ರಾತ್ರಿಗಳೆಲ್ಲ ಕಣ್ಣ ಕೆಳಗೆ ಕಪ್ಪಾಗಿ ನಿಂತಿದ್ದವು.

ಸಂತೋಷ್ ಅವಳನ್ನು ಮೆಲ್ಲಗೆ ಪಕ್ಕಕ್ಕೆ ಕರೆದುಕೊಂಡು ಹೋದರು.

ಅಷ್ಟರಲ್ಲಿ ಪುಟ್ಟಸ್ವಾಮಿಯ ಮೋಟಾರು ಬೈಕು ಬಂತು. ಬಿಳಿ ಅಂಗಿ, ಮಡಿಸಿದ ತೋಳು. ಒಂದು ಅವಧಿಗೆ ಪಂಚಾಯಿತಿ ಸದಸ್ಯನಾಗಿದ್ದವನು, ಎರಡು ಟ್ರ್ಯಾಕ್ಟರುಗಳ ಒಡೆಯ. ಬಿದ್ದಿದ್ದ ಲಿಂಗಯ್ಯನನ್ನು ಎದೆಗೆ ಅವಚಿಕೊಂಡು ಆಸ್ಪತ್ರೆಗೆ ಮುಟ್ಟಿಸಿದವನೂ ಅವನೇ. ಅವನ ಮಾತಿಗೆ ಅದರಿಂದಲೇ ತೂಕ ಬಂದಿತ್ತು.

"ಏನ್ ಸಾರ್, ಭಾನ್ವಾರನೂ ಬುಡಾಕಿಲ್ವಾ?"

"ಈ ಮೇಡಂ ನಿಮಗೆ ನಾಲ್ಕು ಪ್ರಶ್ನೆ ಕೇಳ್ತಾರಂತೆ," ಎಂದರು ಸಂತೋಷ್.

"ಕೇಳ್ಲಿ. ನಂದೇನ್ ಓಯ್ತದೆ."

ಕನಕಲಕ್ಷ್ಮಿ ಅವನನ್ನು ಏರಿಯ ಮೇಲೆ ಕರೆದುಕೊಂಡು ಹೋಗಿ ತೂಬಿನ ಕಲ್ಲಿನ ಬಳಿ ನಿಲ್ಲಿಸಿದರು. ಹಳೆಯ ಕರಿಕಲ್ಲಿನ ಉದ್ದ ಚಪ್ಪಡಿ. ಟ್ರ್ಯಾಕ್ಟರುಗಳು ಓಡಾಡಿ ಅದರ ನೆತ್ತಿ ನುಣ್ಣಗಾಗಿತ್ತು.

"ಎಲ್ಲಿ ನಿಂತಿದ್ರಿ ಅವತ್ತು?"

"ಅಗೋ, ಆ ಹೊಂಗೆ ಮರದ ತಾವ."

"ಕಾರು ನೋಡಿದ್ರಿ."

"ಕಣ್ಣಾರೆ ನೋಡ್ದೆ ಕಣಮ್ಮ. ಇದೇ ಕಾರು. ಕೆಂಪು ಕಾರು, ನೆಲಕ್ಕೆ ಅಂಟ್ಕಂಡಂಗಿರೋದು ಈ ಸೀಮೇಲಿ ಇನ್ಯಾರ್ತಾವ ಅದೆ?"

"ನೆಲಕ್ಕೆ ಅಂಟಿಕೊಂಡ ಹಾಗಿತ್ತು. ಸರಿ. ಈ ಕಲ್ಲಿನ ಹತ್ರ ನಿಂತುಕೊಂಡ್ತಾ?"

"ಎಲ್ಲಿ ನಿಂತ್ಕತದೆ? ಸುಯ್ ಅಂತ ಓಯ್ತು."

"ಅಡ್ಡ ತಿರುಗಿಸಿ ಹತ್ತಿಸಿದ್ರಾ? ಮೆಲ್ಲಗೆ?"

"ಇಲ್ಲ ಅಂತೀನಿ. ನೆಟ್ಟಗೆ ಓಯ್ತು. ನೆಟ್ಟಗೆ ಬಂತು."

"ತಳ ಉಜ್ಜಿದ ಸದ್ದು ಕೇಳಿಸ್ತಾ?"

"ಯಾವ ಸದ್ದೂ ಇಲ್ಲ. ಆಮ್ಯಾಕೆ ಧಡ್ ಅಂದಿದ್ದೊಂದೇ."

"ಸಂತೋಷ್, ಎಲ್ಲ ಬರ್ಕೊಂಡ್ರಾ?"

"ಬರ್ಕೊಂಡೆ ಮೇಡಂ."

"ಪುಟ್ಟಸ್ವಾಮಿಯವರ ಸಹಿ ಹಾಕಿಸಿಕೊಳ್ಳಿ." ಕನಕಲಕ್ಷ್ಮಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. "ಈಗ ಕೀಲಿಕೈ ಕೊಡಿ."

ಆರೋಪಿ ಓಡಿಸುವಂತಿರಲಿಲ್ಲ. ಪೊಲೀಸರಲ್ಲಿ ಯಾರೂ ಇಂಥ ಕಾರು ಮುಟ್ಟಿದವರಲ್ಲ. ಲಾರಿ, ಬಸ್ಸು, ಜೆಸಿಬಿ, ಏನು ಬಂದರೂ ತಾವೇ ಹತ್ತಿ ಓಡಿಸಿ ನೋಡಿ ಸಹಿ ಹಾಕುತ್ತಿದ್ದ ಕನಕಲಕ್ಷ್ಮಿ, ತೊಟ್ಟಿಲಿಗೆ ಇಳಿದ ಹಾಗೆ ಆ ಕಾರಿನೊಳಕ್ಕೆ ಇಳಿದು ಕೂತರು. ಜನ ಘೊಳ್ಳೆಂದರು. "ಅಮ್ಮಾವ್ರೆ, ಬೆಲ್ಟು ಆಕ್ಕಳಿ!" ಎಂದು ಯಾರೋ ಕೂಗಿದರು.

ಅವರು ಬೆಲ್ಟು ಹಾಕಿಕೊಂಡರು. ಕನ್ನಡಿ ಸರಿಮಾಡಿಕೊಂಡರು. ಎಂಜಿನ್ ಗುಡುಗಿತು. ಹುಣಿಸೆ ಮರದಿಂದ ಎರಡು ಹೆಜ್ಜಾರ್ಲೆ ಹಕ್ಕಿಗಳು ಭಾರವಾಗಿ ಮೇಲೆದ್ದವು.

ಕಾರು ಏರಿಯ ಮೇಲೆ ಬಂತು. ಆಳು ನಡೆಯುವಷ್ಟೇ ವೇಗ. ಮುಂಚಕ್ರಗಳು ತೂಬಿನ ಕಲ್ಲು ಹತ್ತಿದವು. ಮೂತಿ ಎದ್ದಿತು. ಚಕ್ರಗಳು ಆಚೆ ಇಳಿದವು. ಆಗ ಕೇಳಿಸಿತು ಸದ್ದು: ಕಬ್ಬಿಣದ ಬಾಣಲೆಯನ್ನು ಕಲ್ಲಿಗೆ ಉಜ್ಜಿದಂಥ, ಹಲ್ಲು ಜುಮ್ಮೆನಿಸುವ ಸದ್ದು. ಕಾರು ಒಂದು ಗೇಣು ಮುಂದೆ ಹೋಗಿ ನಿಂತೇಬಿಟ್ಟಿತು. ಹಿಂಚಕ್ರಗಳು ಮಣ್ಣು ಎರಚಿದವು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ತೂಬಿನ ಕಲ್ಲಿನ ಮೇಲೆ ಹೊಟ್ಟೆ ಊರಿಕೊಂಡು ಕೂತಿತು.

ನಗು ನಿಂತಿತು.

ಕನಕಲಕ್ಷ್ಮಿ ಎಂಜಿನ್ ಆರಿಸಿ, ಬಾಗಿಲು ತೆರೆದು ಕಷ್ಟಪಟ್ಟು ಎದ್ದು ಬಂದರು. "ಸುಯ್ ಅಂತ ಹೋಯ್ತು ಅಂದ್ರಿ, ಪುಟ್ಟಸ್ವಾಮಿ."

ಪುಟ್ಟಸ್ವಾಮಿ ಕಾರನ್ನೇ ನೋಡುತ್ತಿದ್ದ. ಅವನ ಮುಖದಲ್ಲಿದ್ದದ್ದು ಭಯವಲ್ಲ, ನಿಜವಾದ ಆಶ್ಚರ್ಯ. ಅದು ಕನಕಲಕ್ಷ್ಮಿಯ ಕಣ್ಣಿಗೆ ಬಿತ್ತು. ಆದರೆ ಗೆಲುವಿನ ಹೊತ್ತಿನಲ್ಲಿ ಅವರು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

"ಅವತ್ತು ಎತ್ತರಕ್ಕಿತ್ತೇನೋ," ಎಂದ ಅವನು. "ಆಮ್ಯಾಕೆ ಇಳ್ಸವ್ಳೆ. ಕೇಸು ಬಿದ್ದ ಮ್ಯಾಕೆ ಇಳ್ಸವ್ಳೆ."

"ನೆಲಕ್ಕೆ ಅಂಟಿಕೊಂಡ ಹಾಗಿತ್ತು ಅಂತ ಈಗ ತಾನೆ ಸಹಿ ಹಾಕಿದ್ರಲ್ಲ?"

"ಅದು... ಯಾವತ್ತೂ ಅಂಗೇ ಅಲ್ವಾ ಇರೋದು, ಅದ್ಕೆ ಅಂದೆ."

ಕನಕಲಕ್ಷ್ಮಿ ಚೀಲದಿಂದ ಒಂದು ಹಾಳೆ ತೆಗೆದರು. "ಇದು ಜನವರಿಯ ನೋಟಿಸು. ಸರ್ಕಾರಿ ಮೊಹರು ಇದೆ. ಆ ದಿನ ಅಳೆದಾಗ ಈ ಕಾರು ನೆಲದಿಂದ ತೊಂಬತ್ತೆರಡು. ಲಿಂಗಯ್ಯ ಬಿದ್ದ ಮಧ್ಯಾಹ್ನವೇ ಠಾಣೆಯವರು ಕಾರು ತಂದು ನಿಲ್ಲಿಸಿದ್ರು, ಅಂದಿನಿಂದ ಅದು ಅಲ್ಲಿಂದ ಕದಲಿಲ್ಲ. ಇವತ್ತು ಅಳೆದ್ರೆ ಅದೇ ತೊಂಬತ್ತೆರಡು. ಮಂಡ್ಯದ ಮೆಕ್ಯಾನಿಕ್ ಸ್ವರೂಪ್ ಬರೆದ ಕೆಲಸದ ಚೀಟಿಯೂ ಇಲ್ಲಿದೆ. ಮೋಟು ಸ್ಪ್ರಿಂಗ್ ಹಾಕಿದೀನಿ ಅಂತ. ಅದನ್ನ ಏರಿಸೋಕೆ ಬರಲ್ಲ, ಬಿಚ್ಚಿ ಬೇರೆ ಹಾಕಬೇಕು. ಅರ್ಧ ದಿನದ ಕೆಲಸ."

ಪುಟ್ಟಸ್ವಾಮಿ ಅಂಗಿಯ ತೋಳನ್ನು ಇನ್ನೊಂದು ಸುತ್ತು ಮಡಿಸಿಕೊಂಡ.

"ಬಿಡಿ. ಇನ್ನೊಂದು ಹೇಳಿ. ಅಷ್ಟು ಬೆಳಗ್ಗೆ ಹೊಂಗೆ ಮರದ ಹತ್ರ ನಿಮಗೇನು ಕೆಲಸ?"

"ಗದ್ದೆಗೆ ನೀರು ತಿರುಗ್ಸಾಕೆ ಓಗಿದ್ದೆ. ಆರಂಬಗಾರ ಇನ್ನೇನ್ ಮಾಡಾನು?"

ಕನಕಲಕ್ಷ್ಮಿ ಜನರತ್ತ ತಿರುಗಿದರು. "ನಾಲೆಗೆ ನೀರು ಬಿಟ್ಟಿದ್ದು ಯಾವತ್ತು? ಯಾರಾದ್ರೂ ಹೇಳಿ."

ಹುಲ್ಲಿನ ಹೊರೆಯ ಪಕ್ಕ ಕೂತಿದ್ದ ಸಣ್ಣತಾಯಮ್ಮ ಎಂಬ ಮುದುಕಿ ಗಂಟಲು ಸರಿಮಾಡಿಕೊಂಡಳು. "ನೀರಾ? ಓದ ಸೋಮ್ವಾರ ಕಣವ್ವ ಬುಟ್ಟಿದ್ದು. ಅದ್ಕೂ ಮುಂಚೆ ಒಂದ್ ತಿಂಗ್ಳು ನಾಲೇಲಿ ಆಡು ಮೇಯ್ತಿದ್ವು."

"ಲಿಂಗಯ್ಯ ಬಿದ್ದಿದ್ದು ಅದರ ಹಿಂದಿನ ಶುಕ್ರವಾರ," ಎಂದರು ಕನಕಲಕ್ಷ್ಮಿ. "ಇಲ್ಲದ ನೀರನ್ನ ಎಲ್ಲಿಗೆ ತಿರುಗಿಸ್ತಿದ್ರಿ?"

"ಲೇ ಮುದ್ಕಿ, ನಿಂಗ್ಯಾಕೆ ಬೇಕಿತ್ತು?" ಪುಟ್ಟಸ್ವಾಮಿ ಸಣ್ಣತಾಯಮ್ಮನತ್ತ ಎರಡು ಹೆಜ್ಜೆ ಇಟ್ಟ.

ನಡುವೆ ನಯನ ಬಂದು ನಿಂತಳು. "ಅವಳ ಮೇಲೆ ಯಾಕೆ ಕೂಗ್ತೀಯಾ? ನನ್ನ ಮೇಲೆ ಕೂಗು. ಒಂಬತ್ತು ದಿನದಿಂದ ಕೂಗಿದ್ದು ಸಾಲ್ದಾ?"

"ನೀನು ದಾರಿ ಬುಡಮ್ಮಿ."

"ಬುಡಲ್ಲ."

ಸಂತೋಷ್ ಪುಟ್ಟಸ್ವಾಮಿಯ ಹೆಗಲ ಮೇಲೆ ಕೈಯಿಟ್ಟರು. "ಜೀಪು ಹತ್ತಿ. ಅಲ್ಲೇ ಮಾತಾಡೋಣ. ಶುಕ್ರವಾರ ನಿಮ್ಮ ಎರಡು ಟ್ರ್ಯಾಕ್ಟರೂ ಎಲ್ಲಿದ್ವು ಅನ್ನೋದೂ ಹೇಳ್ಬೇಕಾಗ್ತದೆ."

ಪುಟ್ಟಸ್ವಾಮಿ ಹತ್ತಿದ. ಹತ್ತುವಾಗ ಒಂದೇ ಮಾತು ಹೇಳಿದ, ಅದೂ ಕೂಗದೆ. "ನೀರಿನ ವಿಸ್ಯ ಸುಳ್ಳು ಏಳ್ದೆ, ಆಯ್ತು. ಕಾರಿನ ವಿಸ್ಯ ಸುಳ್ಳು ಏಳ್ಲಿಲ್ಲ ಕಣಮ್ಮ."

ಯಾರೂ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಗಾಳಿ ತಿರುಗಿತ್ತು. ಸ್ವಲ್ಪ ಹೊತ್ತಿನ ಮುಂಚೆ ಬೈದವರೇ ಈಗ, "ನಾನಾಗ್ಲೇ ಏಳಿರ್ಲಿಲ್ವಾ, ಆ ಮಗ ಅಂಗೆಲ್ಲ ಮಾಡಾಳಲ್ಲ," ಎನ್ನತೊಡಗಿದ್ದರು. ಒಬ್ಬಳು ಹೆಂಗಸು ನಯನಳಿಗೆ ನೀರಿನ ಚೊಂಬು ತಂದುಕೊಟ್ಟಳು. ನಯನ ತೆಗೆದುಕೊಂಡು ಕುಡಿದಳು. ಆದರೆ ನಗಲಿಲ್ಲ.

ದೀಪಿಕ ಮಾತ್ರ ಏರಿಯ ಅಂಚಿನಲ್ಲಿ ಮೊಣಕಾಲಿಗೆ ಮುಖ ಕೊಟ್ಟು ಕೂತುಬಿಟ್ಟಿದ್ದಳು.

ಕಾರನ್ನು ಬಿಡಿಸಬೇಕಿತ್ತು. ಕಬ್ಬಿನ ಗಾಡಿಯವರು ಎರಡು ಹಲಗೆ ತಂದರು. ಲಾರಿಯ ಚಾಲಕ ಜಾಕಿ ತಂದು ಎಡಗಡೆಯಿಂದ ಎತ್ತತೊಡಗಿದ. ಕಾರಿನ ಮೈ ಮೇಲೇಳುತ್ತ ಹೋಯಿತು, ಮುಂಚಕ್ರ ಜೋತುಬಿದ್ದಿತು. ಚಾಲಕ ಇನ್ನೊಂದು ಹಲಗೆಗೆಂದು ಲಾರಿಯತ್ತ ಹೋದ. ಚಕ್ರದ ಅಡಿ ಹಲಗೆ ಕೊಡಲು ಕನಕಲಕ್ಷ್ಮಿ ಮಂಡಿಯೂರಿದರು. ಅಭ್ಯಾಸಬಲದಿಂದ ಟಾರ್ಚನ್ನು ಚಕ್ರದ ಮೇಲಿನ ಕಮಾನಿನೊಳಕ್ಕೆ ಬಿಟ್ಟರು.

ಬಿಟ್ಟ ಟಾರ್ಚು ಅಲ್ಲೇ ನಿಂತಿತು.

ಚೀಟಿಯಲ್ಲಿದ್ದದ್ದು ಮೋಟು ಸ್ಪ್ರಿಂಗ್. ಇಲ್ಲಿದ್ದದ್ದು ಬೇರೆ. ಸ್ಪ್ರಿಂಗಿನ ಒಳಗೆ, ಬೋಲ್ಟಿನ ಹಾಗೆ ಸುತ್ತಲೂ ಹಲ್ಲು ಕೊರೆದ ದಪ್ಪ ಕೊಳವೆ. ಸ್ಪ್ರಿಂಗನ್ನು ಹೊತ್ತು ಕೂತ ಒಂದು ಅಗಲ ರಿಂಗು. ರಿಂಗನ್ನು ತಿರುಗಿಸಿ ಮೇಲೇರಿಸಿದರೆ ಕಾರು ಏರುತ್ತದೆ, ಕೆಳಗಿಳಿಸಿದರೆ ಕಾರು ಇಳಿಯುತ್ತದೆ. ಬಿಚ್ಚಬೇಕಾಗಿಲ್ಲ. ಅರ್ಧ ದಿನ ಬೇಡ. ನಾಲ್ಕು ಚಕ್ರಕ್ಕೆ ಎರಡು ಗಂಟೆ ಸಾಕು.

ಚಕ್ರ ಬಿಚ್ಚಿ ನೋಡದೆ ಯಾವ ಗಾಡಿಗೂ ಸಹಿ ಹಾಕಬೇಡ ಎಂದು ಕಿರಿಯರಿಗೆ ಮೂವತ್ತೊಂದು ವರ್ಷ ಹೇಳಿಕೊಟ್ಟವರು ಅವರು. ಈ ಸಲ ಹುಡುಗಿಯ ಗಟ್ಟಿತನಕ್ಕೆ ಮನಸೋತು, ನೋಟಿಸು ಮತ್ತು ಚೀಟಿ ನಂಬಿ ಬಂದಿದ್ದರು.

ಕನಕಲಕ್ಷ್ಮಿ ಇನ್ನೂ ಒಳಕ್ಕೆ ಬಾಗಿದರು. ಕೊಳವೆಯ ಮೇಲ್ತುದಿಯ ಹಲ್ಲುಗಳಲ್ಲಿ ತಿಂಗಳುಗಳ ಧೂಳು ಗಟ್ಟಿಯಾಗಿ ಕೂತಿತ್ತು. ರಿಂಗಿನ ಮೇಲೆ ಮೂರು ಬೆರಳಗಲ ಮಾತ್ರ ಧೂಳಿರಲಿಲ್ಲ. ಹಲ್ಲುಗಳು ಹೊಸ ಪಾತ್ರೆಯ ಹಾಗೆ ಹೊಳೆಯುತ್ತಿದ್ದವು. ಆ ಹೊಳಪಿನ ಮೇಲಂಚಿನಲ್ಲಿ, ರಿಂಗು ತಳ್ಳಿಕೊಂಡು ಹೋಗಿ ಬಿಟ್ಟ ಧೂಳಿನ ಸಣ್ಣ ದಿಣ್ಣೆ.

ರಿಂಗು ಅಲ್ಲಿಯವರೆಗೆ ಹೋಗಿ ವಾಪಸು ಬಂದಿತ್ತು. ಇತ್ತೀಚೆಗೆ.

ಅಳತೆಪಟ್ಟಿ ಇಟ್ಟರು. ಐವತ್ತೊಂದು ಮಿಲಿಮೀಟರ್. ತೊಂಬತ್ತೆರಡಕ್ಕೆ ಐವತ್ತೊಂದು ಸೇರಿಸಿದರೆ ನೂರನಲವತ್ತಮೂರು. ತೂಬಿನ ಕಲ್ಲು ನೂರಿಪ್ಪತ್ತೈದು.

ಸುಯ್ ಅಂತ ಹೋಗುತ್ತದೆ. ತಳ ಉಜ್ಜುವ ಸದ್ದೂ ಇರುವುದಿಲ್ಲ.

ಅವರ ಪಕ್ಕದಲ್ಲಿ ಒಂದು ನೆರಳು ಬಂದು ನಿಂತಿತು. ಕನಕಲಕ್ಷ್ಮಿ ತಿರುಗದೆಯೇ ಕೇಳಿದರು.

"ಇದನ್ನ ಯಾರು ಹಾಕಿದ್ದು, ನಯನ?"

"ಸ್ವರೂಪ್. ಮೋಟು ಸ್ಪ್ರಿಂಗ್ ಬೆನ್ನು ಮುರೀತಿತ್ತು. ಡಿಸೆಂಬರಲ್ಲಿ ಇದಕ್ಕೆ ಬದಲಾಯಿಸಿದ್ವಿ."

"ನೀನು ಕೊಟ್ಟಿದ್ದು ಹಳೇ ಚೀಟಿ."

"ಹೌದು."

"ರಿಂಗು ತಿರುಗಿಸಿದ್ದು ಯಾರು?"

ನಯನ ಕಣ್ಣು ತಗ್ಗಿಸಲಿಲ್ಲ. "ನಾನೇ. ಗುರುವಾರ ಸಂಜೆ ಏರಿಸ್ದೆ. ಶುಕ್ರವಾರ ಬೆಳಗ್ಗೆ ಬಂದು ಇಳಿಸ್ದೆ. ಮಧ್ಯಾಹ್ನ ಪೊಲೀಸರು ಬಂದ್ರು."

ಕನಕಲಕ್ಷ್ಮಿ ನಿಧಾನವಾಗಿ ಎದ್ದು ನಿಂತರು. ಮಂಡಿ ನೋಯುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಹತ್ತು ನಿಮಿಷದ ಹಿಂದೆ ಊರಿನ ಎದುರು ತಾವು ಎತ್ತಿ ಹಿಡಿದ ಹಾಳೆ ನೋಯುತ್ತಿತ್ತು.

"ಈ ಏರಿ ಮೇಲೆ ಬಂದಿದ್ದೆ. ಅದೇ ಬೆಳಗ್ಗೆ."

"ಕಾರು ಬಂದಿತ್ತು."

"ಮತ್ತೆ ಇಷ್ಟು ಜನರ ಮುಂದೆ ನನ್ನ ಕೈಲಿ ಈ ನಾಟಕ ಆಡಿಸಿದೆಯಾ? ಜೀಪಲ್ಲಿ ಕೂತಿದಾನಲ್ಲ ಅವನು, ಕಾರಿನ ವಿಷಯ ಸುಳ್ಳು ಹೇಳಿಲ್ಲ ಅಂದ. ನಾನು ಕೇಳಿಸಿಕೊಳ್ಳಲಿಲ್ಲ."

"ಅವನು ಒಳ್ಳೆಯವನಲ್ಲ ಮೇಡಂ."

"ಅವನು ಎಂಥವನು ಅಂತ ನಾನು ಕೇಳಲಿಲ್ಲ. ನಿನ್ನನ್ನ ಕೇಳ್ತಿದೀನಿ."

"ಲಿಂಗಯ್ಯನಿಗೆ ಗುದ್ದಿದ್ದು ನಾನಲ್ಲ. ಮೊದಲ ದಿನದಿಂದ ಅದನ್ನೇ ಹೇಳಿದೀನಿ. ನೇಣು ಹಾಕ್ತೀವಿ ಅಂದ್ರೂ ಅದನ್ನೇ ಹೇಳ್ತೀನಿ."

"ಮೇಡಂ!" ಜೀಪಿನ ಬಳಿಯಿಂದ ಸಂತೋಷ್ ಕೂಗಿದರು. "ಆಯ್ತಾ? ಪಂಚನಾಮೆ ಮುಗಿಸೋಣ್ವಾ?"

ಹಲಗೆ ಸರಿಸಿ ಜಾಕಿ ಇಳಿಸಿದರೆ ಮುಗಿಯಿತು. ಚಕ್ರ ಮೇಲೇರಿ ಆ ಹೊಳೆಯುವ ಹಲ್ಲುಗಳನ್ನು ಮುಚ್ಚಿಬಿಡುತ್ತದೆ. ಒಂದು ವಾರ ಓಡಿದರೆ ಧೂಳು ಉಳಿದದ್ದನ್ನು ಮುಚ್ಚುತ್ತದೆ. ನಯನ ಅದನ್ನು ಬಾಯಿಬಿಟ್ಟು ಕೇಳಲಿಲ್ಲ. ಕೇಳಿದ್ದರೆ ಬಹುಶಃ ಸುಲಭವಾಗುತ್ತಿತ್ತು.

"ಇನ್ನೂ ಇಲ್ಲ ಸಂತೋಷ್," ಕನಕಲಕ್ಷ್ಮಿಯ ದನಿ ಗಟ್ಟಿಯಾಗಿಯೇ ಇತ್ತು. "ಕ್ಯಾಮೆರಾ ತಗೊಂಡು ಇಲ್ಲಿ ಬನ್ನಿ. ನಾನೊಂದು ತಪ್ಪು ಮಾಡಿದೀನಿ. ಅದನ್ನೂ ಬರ್ಕೋಬೇಕು."

ನಯನಳ ಮುಖ ಬಿಳುಪೇರಿತು. ಆದರೂ ನಿಂತ ಜಾಗದಿಂದ ಅಲ್ಲಾಡಲಿಲ್ಲ. "ಕರೀರಿ. ನಾನು ಓಡಿ ಹೋಗಲ್ಲ. ಕೋಳ ಹಾಕ್ತಾರೆ ಅಂದ್ರೆ ಹಾಕ್ಲಿ. ಬೇರೆ ಯಾರ ಹೆಸರೂ ನನ್ನ ಬಾಯಿಂದ ಬರಲ್ಲ."

"ಬೇರೆ ಯಾರ ಹೆಸರು?"

ಸಂತೋಷ್ ಏರಿ ಹತ್ತುತ್ತಿದ್ದರು. ಅವರಿಗಿಂತ ಮುಂಚೆ ಇನ್ನೊಬ್ಬರು ಬಂದು ಮುಟ್ಟಿದರು. ಏರಿಯ ಅಂಚಿನಿಂದ ಎದ್ದು, ಚಪ್ಪಲಿಯನ್ನೂ ಹಾಕಿಕೊಳ್ಳದೆ, ದೀಪಿಕ ಇಬ್ಬರ ನಡುವೆ ಬಂದು ನಿಂತಿದ್ದಳು.

"ದೀಪಿಕ, ಬೇಡ," ಎಂದಳು ನಯನ. "ನಾನು ನೋಡ್ಕೋತೀನಿ ಅಂದಿಲ್ವಾ? ಹೋಗು ನೀನು."

ದೀಪಿಕ ಒಂಬತ್ತು ದಿನಗಳಲ್ಲಿ ಮೊದಲ ಸಲ ಅವಳ ಮುಖ ನೋಡಿದಳು. ಆಮೇಲೆ ಕನಕಲಕ್ಷ್ಮಿಯ ಕಡೆ ತಿರುಗಿದಳು.

"ಅವಳನ್ನ ಬುಟ್ಬುಡಿ ಮೇಡಂ. ಈ ಏರಿ ಮ್ಯಾಲೆ ನಾನು ಓಡ್ಸಾದು ಕಲೀಲಿ ಅಂತ್ಲೇ ಕಾರು ಏರ್ಸಿದ್ಲು. ಅವತ್ತು ಸ್ಟೇರಿಂಗ್ ಇಡ್ಕಂಡಿದ್ದೋಳು ನಾನು."